ನನ್ನ ತಂಗಿಯ ಬಗ್ಗೆ ತೆಗೆದ ಸಾಕ್ಷ್ಯಚಿತ್ರ

ನನ್ನ ತಂಗಿಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬೆಂಗಳೂರಿನಿಂದ ಬಂದ ನಿರ್ದೇಶಕ ನಮ್ಮ ಅಂಗಳದಲ್ಲಿ ನಿಂತು ಮೊದಲು ಕೇಳಿದ್ದು, ಮನೆಗೆ ಯಾವಾಗ ಬಣ್ಣ ಹೊಡೆಸಿದಿರಿ ಎಂದು. ದೀಪಾವಳಿಗೆ ಎಂದು ಅಮ್ಮ ಹೆಮ್ಮೆಯಿಂದಲೇ ಹೇಳಿದಳು. ಆತನ ಮುಖ ಇಳಿದುಹೋಯಿತು. ಕಾರಿನಿಂದ ಕ್ಯಾಮೆರಾ ಇಳಿಸುತ್ತಿದ್ದವನಿಗೆ ತಡಿ ಎಂದು ಕೈ ತೋರಿಸಿ, ಹಿತ್ತಲಿಗೆ ಒಂದು ಸುತ್ತು ಹೋಗಿ ಬಂದು, 'ಹಿಂದಿನ ಗೋಡೆ ಪರವಾಗಿಲ್ಲ, ಗಾರೆ ಉದುರಿದೆ' ಎಂದು ಸಮಾಧಾನಪಟ್ಟುಕೊಂಡ. ಚಿತ್ರದಲ್ಲಿ ನಮ್ಮ ಮನೆಯೆಂದು ಕಾಣುವುದು ಆ ಗೋಡೆಯೊಂದೇ. ಅದು ಎಮ್ಮೆ ಕಟ್ಟುವ ಕೊಟ್ಟಿಗೆಯ ಗೋಡೆ.

ನಮ್ಮೂರು ಸಿರಾ ತಾಲ್ಲೂಕಿನಲ್ಲಿ, ಬುಕ್ಕಾಪಟ್ಟಣದಿಂದ ಆಚೆಗೆ. ಕುರಿ ಸಾಕಿಕೊಂಡು ಬಂದ ಮನೆತನ. ಅಪ್ಪ ಈಗ ಕುರಿ ಕಾಯುವುದಿಲ್ಲ, ಕುರಿ ವ್ಯಾಪಾರ ಮಾಡುತ್ತಾನೆ. ಸಂತೆಯಿಂದ ಸಂತೆಗೆ ಮರಿಗಳನ್ನು ಸಾಗಿಸಲು ಅವನದೇ ಒಂದು ಪಿಕಪ್ ಗಾಡಿ ಇದೆ. ನಾನು ಕೊಳಾಲದ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಮದುವೆಯಾದ ಮೇಲೆ ಮನೆ ಮಧುಗಿರಿಯಲ್ಲಿ. ತಂಗಿ ನನಗಿಂತ ಬಹಳ ಚಿಕ್ಕವಳು. ಅವಳು ಓಟಗಾರ್ತಿ, ಎಂಟುನೂರು ಮೀಟರು ಅವಳ ಓಟ. ಕ್ರೀಡೆಯಲ್ಲಿ ಉದ್ದೀಪನ ಮದ್ದು ಎನ್ನುವುದು ನಿರ್ದೇಶಕ ಆರಿಸಿಕೊಂಡ ವಿಷಯ. ಆ ಮದ್ದಿನಲ್ಲಿ ಸಿಕ್ಕಿಬಿದ್ದವಳು ಎಂದು ನನ್ನ ತಂಗಿಯ ಫೋಟೊ ಕೆಲವು ವರ್ಷಗಳ ಹಿಂದೆ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ನೋಡಿಕೊಂಡೇ ಆತ ನಮ್ಮನ್ನು ಹುಡುಕಿಕೊಂಡು ಬಂದದ್ದು.

ಸಿಕ್ಕಿಬಿದ್ದದ್ದು ನಿಜ. ಹೇಗೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಆ ಚಿತ್ರದಲ್ಲಿ ಅದೊಂದನ್ನು ಬಿಟ್ಟು ಬೇರೆಲ್ಲ ಇದೆ.

ಪಿಯುಸಿಗೆಂದು ಅವಳು ನನ್ನ ಮನೆಗೆ ಬಂದಾಗ ಮಧುಗಿರಿಯಲ್ಲಿ ಒಬ್ಬ ಕೋಚ್ ಅಕಾಡೆಮಿ ನಡೆಸುತ್ತಿದ್ದ. ಅಕಾಡೆಮಿ ಎಂದರೆ ಒಂದು ಬೋರ್ಡು, ಒಂದು ವಿಷಲ್ಲು, ಬೆನ್ನ ಮೇಲೆ ಇಂಡಿಯಾ ಎಂದು ಬರೆದ ಒಂದು ನೀಲಿ ಜಾಕೆಟ್ಟು. ಆ ಮನುಷ್ಯ ದೇಶಕ್ಕಾಗಲಿ ಜಿಲ್ಲೆಗಾಗಲಿ ಓಡಿದವನಲ್ಲ. ಜಾಕೆಟ್ಟನ್ನು ಅಂಗಡಿಯಲ್ಲಿ ಕೊಂಡುಕೊಂಡಿದ್ದ. ಅದನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಕಪ್ಪು ಕನ್ನಡಕ ಹಾಕಿಕೊಂಡು ಮೈದಾನಕ್ಕೆ ಬರುತ್ತಿದ್ದ. ಆದರೂ ಊರಿನ ಅಪ್ಪ ಅಮ್ಮಂದಿರಿಗೆ ಅವನೆಂದರೆ ದೇವರು, ಯಾಕೆಂದರೆ ಅವನ ಕೈಯಲ್ಲಿ ಪಳಗಿದ ಕೆಲವು ಹುಡುಗರಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ, ರೈಲ್ವೆ ಕೆಲಸ ಸಿಕ್ಕಿತ್ತು.

ನನ್ನ ತಂಗಿ ಯಾರೂ ಹೇಳಿಕೊಡದೆಯೇ ಚೆನ್ನಾಗಿ ಓಡುತ್ತಿದ್ದಳು. ಅವಳು ಓಡುವಾಗ ಮುಖದಲ್ಲಿ ಯಾವ ಕಷ್ಟವೂ ಕಾಣುತ್ತಿರಲಿಲ್ಲ, ಯಾರನ್ನೋ ಕರೆಯಲು ಹೋಗುತ್ತಿರುವಂತೆ ಸಲೀಸಾಗಿ ಹೋಗುತ್ತಿದ್ದಳು. ಅದು ಕೋಚ್‌ಗೆ ಸಾಲದಾಯಿತು. ಒಂದು ಬೇಸಿಗೆ ಶಿಬಿರದಲ್ಲಿ ಸೂಜಿ ಶುರುವಾಯಿತು. ಏನು ಸಾರ್ ಎಂದು ಕೇಳಿದ್ದಕ್ಕೆ ಬಿ-ಕಾಂಪ್ಲೆಕ್ಸು, ವಿಟಮಿನ್ನು, ಸುಸ್ತಾಗದೆ ಇರೋಕೆ ಎಂದನಂತೆ. ಎಲ್ಲ ಹುಡುಗಿಯರೂ ಸಾಲಾಗಿ ನಿಂತು ಚುಚ್ಚಿಸಿಕೊಂಡರಂತೆ. ಕ್ಯಾಂಪಿನಲ್ಲಿ ಬಾಳೆಹಣ್ಣು ಹಂಚುವುದೂ ಅದೂ ಒಂದೇ ಸಾಲಿನಲ್ಲಿ ನಡೆಯುತ್ತಿತ್ತು.

ಮಳೆಗಾಲದ ಹೊತ್ತಿಗೆ ಅವಳ ದನಿ ಒಡೆಯಿತು. ಗಂಡುಹುಡುಗರಿಗೆ ಒಡೆಯುವ ಹಾಗೆ. ಒಂದು ದಿನ ಊರಿಗೆ ಫೋನ್ ಮಾಡಿ 'ಅವ್ವ' ಎಂದಿದ್ದಾಳೆ. ಆ ಕಡೆಯಿಂದ ಅಮ್ಮ, 'ಯಾರಪ್ಪ ನೀನು? ನನ್ ಮಗಳ ಫೋನು ನಿನ್ ಕೈಗೆ ಹೆಂಗ್ ಬಂತು? ಅವಳ್ಗೆ ಕೊಡು' ಎಂದಳು. ತಂಗಿ ಫೋನನ್ನು ನನ್ನ ಮಡಿಲಿಗೆ ಎಸೆದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಬೆನ್ನು ತಿಕ್ಕುವ ನೆಪದಲ್ಲಿ ಕೇಳಿದಾಗ, ತಿಂಗಳ ಮುಟ್ಟು ನಿಂತು ಎಷ್ಟೋ ಕಾಲವಾಗಿದೆ ಎಂಬುದೂ ಗೊತ್ತಾಯಿತು.

ನಾನು ನೇರ ಮೈದಾನಕ್ಕೆ ಹೋದೆ. ಕೋಚ್ ಕುರ್ಚಿಯಿಂದ ಏಳಲಿಲ್ಲ.

'ಮೇಡಮ್, ಓಡೋ ಹೆಣ್ಮಕ್ಕಳಿಗೆ ಇದೆಲ್ಲ ಮಾಮೂಲು. ನೀವು ಕನ್ನಡ ಪಾಠ ಮಾಡಿ. ಇದು ಸ್ಪೋರ್ಟ್ಸ್ ಸೈನ್ಸು.'

'ಯಾವ ಔಷಧಿ ಅಂತ ಶೀಶೆ ತೋರಿಸಿ.'

'ಶೀಶೆ ಎಲ್ಲ ಇಟ್ಕೊಂಡು ಕೂತಿರ್ತಾರಾ ಮೇಡಮ್, ಕಸ ಅಲ್ವಾ' ಎಂದು ನಕ್ಕ. ನಕ್ಕಾಗ ಕನ್ನಡಕದಲ್ಲಿ ನನ್ನ ಮುಖವೇ ಎರಡಾಗಿ ಕಂಡಿತು. ಅಷ್ಟು ಅಸಹ್ಯವಾದ ನಗೆಯನ್ನು ನಾನು ಬೇರೆ ಕಡೆ ಕಂಡಿಲ್ಲ.

ಬಿಟ್ಟುಬಿಡು ಎಂದೆ ತಂಗಿಗೆ. ರಾಜ್ಯಮಟ್ಟದ ಕೂಟ ಹತ್ತಿರ ಬಂದಿದೆ, ಅದೊಂದು ಮುಗಿದುಬಿಡಲಿ ಅಕ್ಕ ಎಂದಳು. ಕೂಟದಲ್ಲಿ ಚಿನ್ನ ಗೆದ್ದಳು. ಮಧುಗಿರಿಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿದರು. ಅದರಲ್ಲಿ ಮುಖಂಡರ ಮುಖಗಳು ಕುಂಬಳಕಾಯಿ ಗಾತ್ರದಲ್ಲಿದ್ದವು, ಕೋಚ್ ಅವರ ನಡುವೆ ಕೈಕಟ್ಟಿ ನಿಂತಿದ್ದ, ಕೆಳಗೆ ಒಂದು ಮೂಲೆಯಲ್ಲಿ ತಂಗಿ ಓಡುತ್ತಿದ್ದಳು. ಕೆಲವು ವಾರ ಕಳೆದ ಮೇಲೆ, ಕೂಟದಲ್ಲಿ ಮಾಡಿದ್ದ ಮೂತ್ರದ ಪರೀಕ್ಷೆಯ ಫಲಿತಾಂಶ ಬಂತು, ಅದರಲ್ಲಿ ಮದ್ದು ಸಿಕ್ಕಿತ್ತು. ಬಂದ ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಫ್ಲೆಕ್ಸ್ ಇರಲಿಲ್ಲ. ಸ್ವಲ್ಪ ಕಾಲದ ಮೇಲೆ ಅದನ್ನು ಬಸ್ ಸ್ಟ್ಯಾಂಡಿನ ಹತ್ತಿರ ಪಾನಿಪುರಿ ಗಾಡಿಯ ಮೇಲೆ ನೋಡಿದೆ, ಬಿಸಿಲಿಗೆ ಚಪ್ಪರ ಮಾಡಿದ್ದರು. ಅವಳ ಕಾಲುಗಳು ಈಚೆಗೆ ಜೋತಾಡುತ್ತಿದ್ದವು.

ವಿಚಾರಣೆ ಕಂಪ್ಯೂಟರಿನ ಪರದೆಯ ಮೇಲೆ ನಡೆಯಿತು. ದೆಹಲಿಯ ಮದ್ದು ತಡೆ ಸಂಸ್ಥೆಯವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಕೋಚ್ ಕೊಟ್ಟದ್ದು ಎಂದು ತಂಗಿ ಸ್ಪಷ್ಟವಾಗಿ ಹೇಳಿದಳು. ನಾನು ಈ ಹುಡುಗಿಗೆ ನೀರು ಕೂಡ ಕೊಟ್ಟವನಲ್ಲ ಎಂದು ಅವನು ಬರೆದುಕೊಟ್ಟ. ಸಾಲಿನಲ್ಲಿ ನಿಂತಿದ್ದ ಉಳಿದ ಹುಡುಗಿಯರ ಮನೆಗೆ ಅಪ್ಪ ಹೋಗಿ ಬಾಗಿಲಲ್ಲಿ ನಿಂತು ಬಂದ. ಕಾಫಿ ಕೊಟ್ಟರು, ಸಾಕ್ಷಿ ಕೊಡಲಿಲ್ಲ. ತಂಗಿಗೆ ನಾಲ್ಕು ವರ್ಷ ನಿಷೇಧವಾಯಿತು. ಮೈಯೊಳಗೆ ಏನು ಹೋಗುತ್ತದೋ ಅದಕ್ಕೆ ಓಡುವವಳೇ ಹೊಣೆ ಎಂಬುದು ನಿಯಮವಂತೆ. ಚುಚ್ಚಿದ ಕೈಗೆ ಯಾವ ನಿಯಮವೂ ಅಂಟಲಿಲ್ಲ.

ಅವಳು ಮಧುಗಿರಿ ಬಿಟ್ಟು ಪಾವಗಡಕ್ಕೆ ಹೋದಳು. ಅಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆ ಹಾಸಿದ ಬಯಲಿನಲ್ಲಿ ಒಂದು ಗೇಟಿಗೆ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡಳು. ದನಿ ಪೂರ್ತಿ ಮೊದಲಿನಂತೆ ಆಗಲೇ ಇಲ್ಲ. ಗೇಟಿನಲ್ಲಿ ಲಾರಿ ತಡೆಯಲು ಅನುಕೂಲವೇ ಆಯಿತು ಬಿಡಕ್ಕ ಎಂದು ಒಮ್ಮೆ ಹೇಳಿದಳು. ನನಗೆ ನಗು ಬರಲಿಲ್ಲ.

ಆ ನಿಷೇಧ ಇನ್ನೇನು ಮುಗಿಯುತ್ತದೆ ಎನ್ನುವಾಗ ನಿರ್ದೇಶಕ ಬಂದ. ಫೋನಿನಲ್ಲಿ ಬಹಳ ಒಳ್ಳೆಯ ಮಾತಾಡಿದ್ದ. 'ನಿಮ್ಮ ಸಿಸ್ಟರ್ ಸತ್ಯ ಹೇಳಬೇಕು, ನಾಡು ಕೇಳಬೇಕು' ಎಂದಿದ್ದ. ತಂಗಿಗೆ ಮನಸ್ಸಿರಲಿಲ್ಲ, ಆದರೆ ಅಪ್ಪ, 'ಹೇಳ್ಬುಡು ಕಣಮ್ಮ, ಒಂದ್ಸಲ ಹೊರಿಕ್ ಹಾಕ್ಬುಡು' ಎಂದ. ರಜೆ ಹಾಕಿ ಊರಿಗೆ ಬಂದಳು.

ಗೋಡೆಯ ಸಮಸ್ಯೆ ಬಗೆಹರಿದ ಮೇಲೆ ಆತ ಅಪ್ಪನ ಪಿಕಪ್ ಗಾಡಿಯನ್ನು ಮನೆಯ ಮುಂದಿನಿಂದ ತೆಗೆಸಿದ. ಆಮೇಲೆ ಕಂಬಳಿ ಕೇಳಿದ. ಅಪ್ಪ ಒಳಗಿಂದ ಹೊಸ ಕಂಬಳಿ ತಂದ. ಹಳೆಯದು ಬೇಕು ಎಂದ ನಿರ್ದೇಶಕ. ಹಳೆಯದು ನಾಯಿ ಮಲಗುವ ಜಾಗದಲ್ಲಿತ್ತು, ಅದನ್ನೇ ಕೊಡವಿ ಅಪ್ಪನ ಹೆಗಲ ಮೇಲೆ ಹಾಕಿಸಿದ. ಪಕ್ಕದ ಮನೆಯವರ ಒಂದಷ್ಟು ಕುರಿಗಳನ್ನು ಅಪ್ಪನ ಮುಂದೆ ಬಿಡಿಸಿದ.

'ಅಲ್ಲ ಸಾಮಿ, ಇವು ನನ್ ಕುರಿ ಅಲ್ಲ, ಸಂಜೆ ಗುರುತು ಹಿಡ್ಕೊಂಡು ಜಗಳಕ್ಕೆ ಬತ್ತಾರೆ' ಎಂದು ಅಪ್ಪ ಹೇಳುತ್ತಿದ್ದ.

'ಮಾತಾಡಬೇಡಿ ಅಪ್ಪಾಜಿ, ಬೆಟ್ಟದ ಕಡೆ ನೋಡ್ತಾ ನಡೀರಿ. ನಿಮ್ಮ ಮಗಳನ್ನ ನೆನಪು ಮಾಡ್ಕೊಳ್ಳಿ.'

'ಮಗಳು ಇಲ್ಲೇ ನಿಂತವ್ಳಲ್ಲಾ ಸಾಮಿ' ಎಂದ ಅಪ್ಪ.

ತಂಗಿಗೆ ಬರಿಗಾಲಲ್ಲಿ ಓಡಲು ಹೇಳಿದ. ತನಗೆ ಬರಿಗಾಲಲ್ಲಿ ಓಡಿ ಅಭ್ಯಾಸವೇ ಇಲ್ಲ, ಏಳನೇ ಕ್ಲಾಸಿನಲ್ಲೇ ಅಪ್ಪ ಸಿರಾದಲ್ಲಿ ಶೂ ಕೊಡಿಸಿದ್ದ, ಈ ಜಾಲಿಮುಳ್ಳಿನ ನೆಲದಲ್ಲಿ ಯಾವ ಹುಚ್ಚರೂ ಬರಿಗಾಲಲ್ಲಿ ಓಡುವುದಿಲ್ಲ ಎಂದಳು. ಆತ ಅವಳ ಭುಜ ತಟ್ಟಿ, 'ನೋವಿರಲಿ, ನೋವು ಮುಖದಲ್ಲಿ ಬರಲಿ' ಎಂದ. ಅವಳು ಶೂ ಬಿಚ್ಚಲಿಲ್ಲ. ಕೊನೆಗೆ ಮೊಣಕಾಲಿನಿಂದ ಮೇಲಷ್ಟೇ ತೆಗೆದುಕೊಂಡರು. ಕತ್ತರಿಸಿ ಅಂಟಿಸಿದ ಚಿತ್ರದಲ್ಲಿ ಯಾರದೋ ಬರಿಗಾಲುಗಳು ಧೂಳೆಬ್ಬಿಸುತ್ತ ಓಡುತ್ತವೆ. ಅವು ಯಾರ ಕಾಲೋ ನಮಗಂತೂ ಇಂದಿಗೂ ಗೊತ್ತಿಲ್ಲ.

ಪಾವಗಡದಲ್ಲೂ ಒಂದು ದಿನ ಚಿತ್ರೀಕರಣವಾಯಿತು. ಸೋಲಾರ್ ಹಲಗೆಗಳ ಮಧ್ಯೆ ಯೂನಿಫಾರಂ ಹಾಕಿಕೊಂಡು ಅವಳು ಒಂದೇ ದಾರಿಯಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಹಲಗೆ ತೊಳೆಯುವ ಹೆಂಗಸರು ತಮ್ಮ ಗಡಿನಾಡಿನ ತೆಲುಗಿನಲ್ಲಿ, 'ಏಂದಮ್ಮಾ, ಹೀರೋಯಿನ್ ಆಯಿಪೋಯಾವಾ?' ಎಂದು ರೇಗಿಸಿದರು. ಹೀರೋಯಿನ್ ಆಗಿಬಿಟ್ಟೆಯಾ ಎಂಬ ಆ ಮಾತಿಗೆ ಅವಳೂ ನಕ್ಕಳು. 'ನಗಬಾರದು, ನೀವು ಸೋತವರು' ಎಂದು ನಿರ್ದೇಶಕ ಕೂಗಿದ. ಹೆಂಗಸರು ಗಪ್ಪಾದರು. ಒಬ್ಬಳು ಮಾತ್ರ ಕೈಯಲ್ಲಿದ್ದ ಪೈಪಿನ ನೀರನ್ನು ಆತನ ಶೂ ಹತ್ತಿರಕ್ಕೆ ನಿಧಾನವಾಗಿ ತಿರುಗಿಸಿದಳು.

ಇಷ್ಟೆಲ್ಲ ನಾಟಕವನ್ನು ನಾವು ಸಹಿಸಿದ್ದು ಸಂದರ್ಶನಕ್ಕಾಗಿ. ಅದು ನಮ್ಮ ನಡುಮನೆಯಲ್ಲೇ ನಡೆಯಿತು. ತಂಗಿ ಮಧ್ಯಾಹ್ನವಿಡೀ ಮಾತಾಡಿದಳು. ಶಿಬಿರ, ಸೂಜಿ, ಸಾಲು, ಒಡೆದ ದನಿ, ನಿಂತ ಮುಟ್ಟು, ಹೆಸರು ಹೇಳಿದರೆ ನಿಂಗೂ ಉಳಿಗಾಲ ಇಲ್ಲ ಎಂದು ಕೋಚ್ ಮೈದಾನದ ಗೇಟಿನ ಬಳಿ ಹೆದರಿಸಿದ್ದು, ಎಲ್ಲ. ಗಂಡಸರ ಎದುರು ಈ ಮಾತುಗಳನ್ನು ಆಡಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತು. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಿರ್ದೇಶಕನ ಕಣ್ಣಲ್ಲೂ ನೀರಿತ್ತು. ಕೊನೆಗೆ ಆತ, 'ಈಗ ಹಿಂತಿರುಗಿ ನೋಡಿದರೆ ಏನನ್ನಿಸುತ್ತೆ?' ಎಂದು ಕೇಳಿದ. ತಂಗಿ, 'ಅವ್ರನ್ನ ನಂಬಿದ್ದು ತಪ್ಪಾಯ್ತು' ಎಂದಳು. ಕಟ್ ಎಂದ ಆತ. ಒಬ್ಬಟ್ಟು ತಿಂದು, ಇನ್ನಷ್ಟು ಕಟ್ಟಿಸಿಕೊಂಡು ಹೋದ.

ಚಿತ್ರ ಸಿದ್ಧವಾದ ಮೇಲೆ ಮೊದಲ ಪ್ರದರ್ಶನವನ್ನು ಮಧುಗಿರಿಯಲ್ಲೇ ಇಟ್ಟುಕೊಂಡರು. ನೆಲದ ಋಣ ತೀರಿಸಬೇಕು ಎಂಬುದು ಆತನ ಮಾತು. ಒಂದು ಸಭಾಂಗಣ, ಭಾನುವಾರ ಬೆಳಗ್ಗೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಮ್ಮನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದ. ತಂಗಿ ಪಾವಗಡದ ಬಸ್ಸಿಳಿದು ಬಂದಳು. ನಾವು ಒಳಗೆ ಹೋಗಿ ಕೂತು ವೇದಿಕೆ ನೋಡಿದರೆ, ಮಧ್ಯದ ಕುರ್ಚಿಯಲ್ಲಿ ಆ ನೀಲಿ ಜಾಕೆಟ್ಟು ಕೂತಿತ್ತು. ಮುಂದಿನ ಸಾಲುಗಳಲ್ಲಿ ಅವನ ಅಕಾಡೆಮಿಯ ಹುಡುಗಿಯರು, ಅವರ ಅಪ್ಪ ಅಮ್ಮಂದಿರು.

'ಅಕ್ಕ, ಹೋಗ್ಬುಡನ' ಎಂದು ತಂಗಿ ಎದ್ದಳು.

'ಕೂತ್ಕೊ. ಮೊದ್ಲು ಅದೇನ್ ಕಿಸಿದವ್ರೆ ನೋಡನ' ಎಂದಳು ಅಮ್ಮ.

ದೀಪ ಆರಿತು. ಮಧುಗಿರಿಯ ಬೆಟ್ಟವನ್ನು ಡ್ರೋನಿನಿಂದ ಸುತ್ತು ಹಾಕಿದರು. ಪಿಟೀಲು ಗೋಳಾಡಿತು. ಒಂದು ಗಡಸು ಕಂಠ, 'ಹಸಿವು ಅವಳನ್ನು ಓಡಿಸಿತು, ಆಸೆ ಅವಳನ್ನು ಬೀಳಿಸಿತು' ಎಂದಿತು. ಅಪ್ಪ ನನ್ನ ಕಡೆ ಬಾಗಿ, 'ಯಾರ್ಗಮ್ಮ ಹಸಿವು? ಇವಳಾ? ಎಲ್ಡೆಲ್ಡ್ ಮುದ್ದೆ ನುಂಗೋಳು' ಎಂದ. ಬುಕ್ಕಾಪಟ್ಟಣದ ಕಾಡಿನ ಚಿಂಕಾರ ಎಂಬ ಹುಲ್ಲೆಗೆ ಅವಳನ್ನು ಹೋಲಿಸಿ ಒಂದು ಪ್ರಾಣಿ ಜಿಗಿದುಹೋಗುವುದನ್ನು ತೋರಿಸಿದರು. ಮೈಮೇಲೆ ಬಿಳಿ ಚುಕ್ಕೆ ತುಂಬಿದ್ದ ಯಾವುದೋ ಜಿಂಕೆ ಅದು. ನಮ್ಮ ಕಡೆಯ ಚಿಂಕಾರಕ್ಕೆ ಚುಕ್ಕೆ ಎಲ್ಲಿಂದ ಬರಬೇಕು? ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಮೇಲೆ ಪರದೆಯ ಮೇಲೆ ಕೋಚ್ ಬಂದ. ಕೆಳಗೆ 'ಹಿರಿಯ ತರಬೇತುದಾರರು' ಎಂದು ಬರೆದಿತ್ತು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ಎಲ್ಲಿಂದಲೋ ಏನೋ ತಂದು ಚುಚ್ಚಿಕೊಳ್ಳುತ್ತಾರೆ, ನಾವು ಗುರುಗಳು ಕಣ್ಣೀರಿಡಬೇಕು ಅಷ್ಟೇ ಎಂದು ಹೇಳಿ, ಕಪ್ಪು ಕನ್ನಡಕ ತೆಗೆಯದೆ ಅದರ ಕೆಳಗಿನಿಂದ ಕರ್ಚೀಫ್ ತೂರಿಸಿ ಕಣ್ಣೊರೆಸಿಕೊಂಡ. ಒಂದು ಸಲವಲ್ಲ, ಮತ್ತೆ ಮತ್ತೆ ಬಂದ. ಮದ್ದಿನ ಅಪಾಯ ವಿವರಿಸಿದ, ಗುರುಕುಲ ಪದ್ಧತಿ ವಿವರಿಸಿದ, ಹೆತ್ತವರಿಗೆ ಬುದ್ಧಿ ಹೇಳಿದ. ಮಧ್ಯಾಹ್ನವಿಡೀ ಮಾತಾಡಿದ ನನ್ನ ತಂಗಿ ಇಡೀ ಚಿತ್ರದಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕೊನೆಯಲ್ಲಿ ಅವಳ ಮುಖ ಪರದೆ ತುಂಬಿ, ಬಾಯಿ ತೆರೆದು ಒಂದೇ ಮಾತಾಡಿತು.

'ತಪ್ಪಾಯ್ತು.'

ಪಿಟೀಲು ನಿಂತಿತು. ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ಒಂದು ವಾಕ್ಯದ ಕತ್ತನ್ನು ಹಿಚುಕಿ ಬಾಲವನ್ನಷ್ಟೇ ಉಳಿಸಿಕೊಳ್ಳಬಹುದು ಎಂದು ನನಗೆ ಅಂದೇ ಗೊತ್ತಾದದ್ದು. ಇಷ್ಟು ವರ್ಷ ಮಕ್ಕಳಿಗೆ ಕರ್ತೃ ಕರ್ಮ ಕ್ರಿಯಾಪದ ಹೇಳಿಕೊಟ್ಟಿದ್ದೇನೆ. ಕರ್ಮವನ್ನು ತೆಗೆದುಹಾಕಿದರೆ ಕಳ್ಳ ಹೀಗೆ ಗುರುವಾಗುತ್ತಾನೆ ಎಂದು ಯಾವ ವ್ಯಾಕರಣದಲ್ಲೂ ಓದಿರಲಿಲ್ಲ.

ಸನ್ಮಾನ ಶುರುವಾಯಿತು. ಕೋಚ್‌ಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ನಿರೂಪಕಿ, ತನ್ನ ತಪ್ಪನ್ನು ಧೈರ್ಯವಾಗಿ ಒಪ್ಪಿಕೊಂಡ ಸಹೋದರಿ ವೇದಿಕೆಗೆ ಬಂದು ಗುರುಗಳ ಆಶೀರ್ವಾದ ಪಡೆಯಬೇಕು ಎಂದು ಕರೆದಳು. ತಂಗಿ ಎದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡು ಹೋದಳು. ಮೆಟ್ಟಿಲು ಹತ್ತಿ, ಶಾಲು ಹಿಡಿದು ನಿಂತವರನ್ನು ದಾಟಿ, ನಿರೂಪಕಿಯ ಮುಂದಿದ್ದ ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ಆ ದಪ್ಪ ದನಿ ಸಭಾಂಗಣದ ತುಂಬ ಕೇಳಿಸಿತು.

'ಇವ್ರು ತೋರ್ಸಿದ್ದು ಅರ್ಧ ಮಾತು. ನಾನು ಹೇಳಿದ್ದು, ಈ ಸಾರ್‌ನ ನಂಬಿದ್ದು ತಪ್ಪಾಯ್ತು ಅಂತ.' ಕೋಚ್ ಕಡೆ ತಿರುಗಿದಳು. 'ಸಾರ್, ಕ್ಯಾಂಪಲ್ಲಿ ನಂಗೆ ಸೂಜಿ ಚುಚ್ಚಿದ್ದು ನೀವೆ. ಬಿ-ಕಾಂಪ್ಲೆಕ್ಸು ಅಂದ್ರಿ. ನನ್ ಗಂಟ್ಲು ಕೇಳಿಸ್ಕೊಳಿ, ಇದು ಬಿ-ಕಾಂಪ್ಲೆಕ್ಸಾ? ಈಗ ಇಲ್ಲಿ ಕೂತಿರೋ ಹುಡ್ಗೀರಿಗೂ ಅದೇ ಚುಚ್ತಿದೀರಾ? ಅವ್ರ ಅಪ್ಪ ಅವ್ವನೂ ಇಲ್ಲೆ ಅವ್ರೆ. ಇಲ್ಲ ಅಂತ ಅವ್ರ ಮುಂದೆ ಹೇಳ್ಬುಡಿ, ನಾನ್ ನಿಮ್ ಕಾಲಿಗೆ ಬೀಳ್ತೀನಿ.'

ಅವನು ಇಲ್ಲ ಎನ್ನಲಿಲ್ಲ. ಅದೇ ಆಶ್ಚರ್ಯ. ಸುಳ್ಳು ಹೇಳಿ ಅಷ್ಟು ಅಭ್ಯಾಸವಿದ್ದವನಿಗೆ ಆ ಹೊತ್ತಿಗೆ ಒಂದು ಸಣ್ಣ ಸುಳ್ಳೂ ಸಿಗಲಿಲ್ಲ. 'ಸಂಸ್ಕಾರ ಇಲ್ಲದ ಹುಡುಗಿ' ಎಂದ. ನಿರೂಪಕಿ, ಸಮಯದ ಅಭಾವದಿಂದ ಎಂದು ಶುರುಮಾಡಿದಳು. ಯಾರೋ ಮೈಕ್ ಆಫ್ ಮಾಡಿದರು. ಸಭೆಯಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ಎದ್ದು ಮಗಳ ರೆಟ್ಟೆ ಹಿಡಿದು ಹೊರಗೆ ನಡೆದಳು. ಅವಳ ಹಿಂದೆ ಇನ್ನೂ ಕೆಲವರು. ಹೆಚ್ಚಿನವರು ಮಾತ್ರ ಊಟದ ಕೂಪನ್ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದರು.

ನಾವು ಹೊರಗೆ ಬಂದಾಗ ನಿರ್ದೇಶಕ ಓಡಿಬಂದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಆತನ ಮುಖ ಅರಳಿತ್ತು.

'ಬ್ರಿಲಿಯಂಟ್! ನಾವು ಕ್ಯಾಮೆರಾನೇ ತಂದಿಲ್ಲ ನೋಡಿ ಇವತ್ತು. ನಾಳೆ ಹಾಲ್ ಖಾಲಿ ಇರುತ್ತೆ. ಅದೇ ಮೈಕು, ಅದೇ ಎಮೋಷನ್. ಇನ್ನೊಂದ್ಸಲ ಹೇಳ್ತೀರಾ?'

ತಂಗಿ ಪಿಕಪ್ಪಿನ ಕಡೆ ನಡೆದುಬಿಟ್ಟಳು. ಅಮ್ಮ ಮುಂದೆ ಬಂದಳು.

'ಏನಪ್ಪ, ನಿಂಗೆ ಒಂದ್ಸಲ ಹೇಳಿದ್ರೆ ಕೇಳ್ಸಾಕಿಲ್ವ? ನಮ್ಮನೆ ನಡುಮನೇಲಿ ಕೂತ್ಕೊಂಡು ಇದ್ನೆ ಹೇಳಿದ್ಲಲ್ಲ. ಅವತ್ತು ಕ್ಯಾಮ್ರಾನೂ ಇತ್ತು, ಕಣ್ಣಲ್ಲಿ ನೀರೂ ಇತ್ತು. ಎಲ್ ಹಾಕ್ದೆ ಅದ್ನ?'

'ಅಮ್ಮಾ, ಅದು ಲೀಗಲ್ ಪ್ರಾಬ್ಲಮ್ಮು. ಹೆಸರು ಹೇಳಿದ್ರೆ ಕೇಸ್ ಹಾಕ್ತಾರೆ.'

'ಅವನ್ ಹೆಸ್ರು ಹೇಳಾಕೆ ಭಯ. ನನ್ ಮಗಳ ಮಖ ಅಷ್ಟಗಲ ತೋರ್ಸಾಕೆ ಭಯ ಇಲ್ಲ' ಎಂದು ಅಮ್ಮ ಪಿಕಪ್ ಹತ್ತಿದಳು.

ಆ ಚಿತ್ರಕ್ಕೆ ಎಲ್ಲೋ ಒಂದು ಉತ್ಸವದಲ್ಲಿ ಬಹುಮಾನ ಬಂತೆಂದು ಆಮೇಲೆ ಕೇಳಿದೆ. ದಿಟ್ಟ ಚಿತ್ರ ಎಂದು ಹೊಗಳಿದ್ದರಂತೆ. ಕೋಚ್‌ನ ಕಥೆಯೂ ಅಷ್ಟೇ. ಮಧುಗಿರಿಯಲ್ಲಿ ಮಕ್ಕಳು ಕಡಿಮೆಯಾದರು, ಅವನು ಸಿರಾಕ್ಕೆ ಹೋಗಿ ಹೊಸ ಬೋರ್ಡು ಹಾಕಿದ. ಮದ್ದುಮುಕ್ತ ತರಬೇತಿ ಎಂದು ಅದರ ಮೇಲೆ ಬರೆಸಿದ್ದಾನೆ. ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡವರು ಎಂಬುದನ್ನೂ ಸೇರಿಸಿದ್ದಾನೆ.

ತಂಗಿಯ ನಿಷೇಧ ಮುಗಿಯಿತು. ಮತ್ತೆ ಓಡುತ್ತೇನೆ ಎಂದಳು. ಯಾರಿಗೆ ತೋರಿಸಬೇಕು ಇನ್ನು ಎಂದು ನಾನೇ ಬೇಸರದಿಂದ ಕೇಳಿದೆ. 'ಯಾರ್ಗೂ ಅಲ್ಲ. ಬರೀ ಮುದ್ದೆ ತಿಂದು ಎಷ್ಟು ಓಡ್ತೀನಿ ಅಂತ ನಂಗೇ ಗೊತ್ತಿಲ್ಲ ಅಕ್ಕ' ಎಂದಳು. ಪಾವಗಡದಲ್ಲಿ ಡ್ಯೂಟಿಗೆ ಮುಂಚೆ, ಸೋಲಾರ್ ಬೇಲಿಯ ಪಕ್ಕದ ನೆಟ್ಟಗಿನ ರಸ್ತೆಯಲ್ಲಿ ಓಡಲು ಶುರುಮಾಡಿದಳು. ಮೊದಲಿನ ವೇಗ ಬರಲಿಲ್ಲ. ಆ ವೇಗದಲ್ಲಿ ತನ್ನದೆಷ್ಟು, ಸೂಜಿಯದೆಷ್ಟು ಎಂದು ಅವಳು ಲೆಕ್ಕ ಹಾಕುತ್ತಿದ್ದಳೇನೋ. ನನಗೆ ಹೇಳಲಿಲ್ಲ.

ರಾಜ್ಯಮಟ್ಟದ ಕೂಟಕ್ಕೆ ನಾನೇ ಜೊತೆಗೆ ಹೋದೆ. ಬೆಳಗಿನ ಸುತ್ತಿನಲ್ಲಿ ಅವಳು ಕಷ್ಟಪಟ್ಟು, ಕೊನೆಯವಳಾಗಿ ಫೈನಲ್ಲಿಗೆ ಬಂದಳು. ಅವಳಿಗಿಂತ ಚಿಕ್ಕ ಹುಡುಗಿಯರು ಗಾಳಿಯಂತೆ ಹೋದರು. ಮಧ್ಯಾಹ್ನ ನಾವು ನೆರಳಿನಲ್ಲಿ ಮೊಸರನ್ನ ತಿನ್ನುತ್ತಿರುವಾಗ ಮೈದಾನದಲ್ಲಿ ಒಂಥರಾ ಗಡಿಬಿಡಿ ಎದ್ದಿತು. ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ, ಆದರೆ ಎಲ್ಲರೂ ಬ್ಯಾಗು ಎತ್ತಿಕೊಳ್ಳುತ್ತಿದ್ದಾರೆ. ಮದ್ದು ಪರೀಕ್ಷೆ ಮಾಡುವವರು ದೆಹಲಿಯಿಂದ ಬಂದಿದ್ದಾರೆಂದು ಗೊತ್ತಾಯಿತು. ಅದನ್ನು ಕೇಳಿ ಗೇಟಿನ ಕಡೆಗೆ ಓಡಿದರಲ್ಲ, ಅಷ್ಟು ವೇಗದ ಓಟವನ್ನು ಆ ಕೂಟದಲ್ಲಿ ಯಾರೂ ಓಡಿರಲಿಲ್ಲ. ಹೊಟ್ಟೆನೋವು ಬಂತು, ಬೆನ್ನುನೋವು ಬಂತು, ಊರಲ್ಲಿ ಯಾರದೋ ಅಜ್ಜಿ ಸತ್ತಳು. ಹಿಂದಿನ ಗೇಟಿನಲ್ಲಿ ಟೆಂಪೋಗಳು ಸಾಲುಗಟ್ಟಿದವು.

ಆ ಗೇಟಿನ ದಾರಿಯಲ್ಲೇ ನೀಲಿ ಜಾಕೆಟ್ಟು ಕಂಡಿತು. ಬೆಳಗಿನ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದ ಒಬ್ಬಳು ಹುಡುಗಿಯನ್ನು ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದ.

'ಕುಂಟೇ, ಕುಂಟು. ನೋಡ್ತಾವ್ರೆ' ಎಂದು ಹಲ್ಲು ಕಡಿದು ಹೇಳಿದ್ದು ನಮಗೆ ಕೇಳಿಸಿತು. ಹುಡುಗಿ ಕುಂಟತೊಡಗಿದಳು. ಗಾಬರಿಯಲ್ಲಿ ಸ್ವಲ್ಪ ದೂರ ಎಡಗಾಲು ಕುಂಟಿದಳು, ಆಮೇಲೆ ಬಲಗಾಲು.

ತಂಗಿ ಎದ್ದು ಅವರ ಮುಂದೆ ಹೋಗಿ ನಿಂತಳು. ಅವನ ಕಡೆ ನೋಡಲೇ ಇಲ್ಲ. ಹುಡುಗಿಗೆ, 'ಬಾರೇ, ನನ್ ಜೊತೆ ಓಡು. ಆಮೇಲೆ ಇಬ್ರೂ ಹೋಗಿ ಉಚ್ಚೆ ಕೊಡನ. ಸಿಕ್ಕಾಕ್ಕೊಂಡ್ರೆ ಕೊಟ್ಟೋರು ಯಾರು ಅಂತ ಹೇಳನ. ನಾನಿರ್ತೀನಿ' ಎಂದಳು.

ಹುಡುಗಿ ಕಣ್ಣು ಬಿಟ್ಟು ನೋಡಿದಳು. ಅವಳ ತುಟಿಯ ಮೇಲೆ ಎಳೆ ಮೀಸೆಯಂತೆ ಕೂದಲು ಕಂಡಿತು. ಕೋಚ್ ಅವಳನ್ನು ಟೆಂಪೋಗೆ ದೂಡಿ ಬಾಗಿಲು ಎಳೆದುಕೊಂಡ. 'ನಿನ್ನ ನೋಡ್ಕೋತೀನಿ' ಎಂದ ತಂಗಿಗೆ. 'ನೋಡ್ಕಳಿ ಸಾರ್, ಕನ್ನಡಕ ತೆಗ್ದು ನೋಡ್ಕಳಿ' ಎಂದಳು ಅವಳು.

ಫೈನಲ್ಲಿನಲ್ಲಿ ಗೆರೆಯ ಮೇಲೆ ನಿಂತವರು ಅರ್ಧಕ್ಕಿಂತ ಕಡಿಮೆ. ಖಾಲಿ ಟ್ರ್ಯಾಕುಗಳ ಮಧ್ಯೆ ಅವರು ಓಡಿದರು. ತಂಗಿ ಎರಡನೆಯವಳಾಗಿ ಬಂದಳು. ಮೈಕಿನವನು ಯಾವುದೇ ನಾಚಿಕೆಯಿಲ್ಲದೆ ರೋಚಕ ಸ್ಪರ್ಧೆ ಎಂದು ಕೂಗಿದ. ಬೆಳ್ಳಿ ಪದಕವನ್ನು ಕತ್ತಿಗೆ ಹಾಕಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟು, 'ಓಡಿಹೋದೋರನ್ನ ಸೋಲ್ಸಿದ್ದಕ್ಕೆ ಕೊಟ್ಟವ್ರೆ, ಇಟ್ಕೊ' ಎಂದಳು. ಅಷ್ಟರಲ್ಲಿ ಪರೀಕ್ಷೆಯ ಹೆಂಗಸು ಬಂದು ಅವಳನ್ನು ಕರೆದುಕೊಂಡು ಹೋದಳು.

ಬಾಗಿಲಾಚೆ ಬೆಂಚಿನ ಮೇಲೆ ಕೂತು ಕಾದೆ. ಓಡಿ ಬೆವರಿದ ಮೈಯಿಂದ ಮೂತ್ರ ಬರುವುದು ಸುಲಭವಲ್ಲ. ಎದುರಿಗೊಬ್ಬಳು ನೋಡುತ್ತ ನಿಂತಿರಬೇಕಂತೆ, ಅದು ನಿಯಮ. ಬಾಟಲಿ ಬಾಟಲಿ ನೀರು ಒಳಗೆ ಹೋಯಿತು. ಆಗಾಗ ಒಳಗಿನಿಂದ ತಂಗಿಯ ನಗು ಕೇಳುತ್ತಿತ್ತು, ಆ ಹೆಂಗಸಿನ ಹಿಂದಿಗೆ ಇವಳ ಕನ್ನಡದ ಉತ್ತರ. ಬಿಸಿಲು ಇಳಿಯುವ ಹೊತ್ತಿಗೆ ಹೊರಗೆ ಬಂದಳು. 'ಇಷ್ಟು ಖುಷಿಯಾಗಿ ಕೊಟ್ಟೋಳು ನೀನೊಬ್ಳೇ ಅಂದ್ಲು ಕಣಕ್ಕ' ಎಂದಳು.

ಫಲಿತಾಂಶದಲ್ಲಿ ಏನೂ ಇರಲಿಲ್ಲ, ಸ್ವಚ್ಛ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಉಚ್ಚೆ ನೆಟ್ಟಗೈತೆ ಅಂತ ಡೆಲ್ಲಿಯಿಂದ ಹೇಳ್ಬೇಕಾ? ನನ್ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ' ಎಂದಳು.

ಸ್ವಲ್ಪ ದಿನದ ಮೇಲೆ ಆ ಕುಂಟಿದ ಹುಡುಗಿಯ ತಂದೆ, ಎಲ್ಲಿಂದಲೋ ನಂಬರು ಹುಡುಕಿ ತಂಗಿಗೆ ಫೋನ್ ಮಾಡಿದ. ನಾನು ಆವತ್ತು ಪಾವಗಡದಲ್ಲೇ ಇದ್ದೆ. ಸ್ಪೀಕರ್ ಹಾಕಿದಳು. ನನ್ನ ಮಗಳ ದಾರಿಗೆ ಅಡ್ಡ ಬರಬೇಡ, ಅವಳಿಗೆ ಪೊಲೀಸ್ ಕೆಲಸ ಆಗೋದರಲ್ಲಿದೆ, ನೀನು ಹಾಳಾದೆ ಅಂತ ಎಲ್ಲರನ್ನೂ ಹಾಳು ಮಾಡ್ತೀಯಾ ಎಂದು ಕೂಗಾಡಿದ. ಸೂಜಿಯ ವಿಷಯ ನಿಮಗೆ ಗೊತ್ತಾ ಅಣ್ಣ ಎಂದು ತಂಗಿ ಕೇಳಿದಳು.

'ಗೊತ್ತು. ಎಲ್ರೂ ಮಾಡ್ತಾರೆ' ಎಂದ.

ತಂಗಿ ಆ ಮಾತಿಗೆ ರೇಗಲಿಲ್ಲ. ನನಗಾದರೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಫೋನನ್ನು ಬಾಯಿಯ ಹತ್ತಿರ ತಂದು, 'ಅಣ್ಣ, ಅವಳು ಚೆನ್ನಾಗಿ ಓಡ್ತಾಳೆ. ಸುಮ್ನೆ ಓಡಾಕೆ ಬುಡಿ. ಯಾವತ್ತಾದ್ರೂ ಅವಳ್ಗೆ ಮಾತಾಡ್ಬೇಕು ಅನ್ಸಿದ್ರೆ ಈ ನಂಬರ್ ಕೊಡಿ' ಎಂದಳು.

ಅವನು ಫೋನ್ ಇಟ್ಟ. ಹುಡುಗಿಯಿಂದ ಈವರೆಗೆ ಕರೆ ಬಂದಿಲ್ಲ. ಗೇಟಿನಲ್ಲಿ ಡ್ಯೂಟಿಯಲ್ಲಿರುವಾಗ ಫೋನ್ ಮುಟ್ಟಬಾರದೆಂದು ಸೋಲಾರ್ ಕಂಪನಿಯವರು ಹೇಳಿದ್ದಾರೆ. ಆದರೂ ತಂಗಿ ಅದನ್ನು ಆಫ್ ಮಾಡುವುದಿಲ್ಲ.